ಅರ್ಧಕ್ಕೆ ನಿಂತ ಹಾಸು

ಶೈಲಾ ಟ್ರಂಕಿನ ತಳದವರೆಗೆ ಕೈ ಹಾಕಿ ಮೂರನೆಯ ಸಲ ಎಲ್ಲವನ್ನೂ ನೆಲಕ್ಕೆ ಸುರಿದಳು. ಎರಡು ಇಳಕಲ್ ಸೀರೆ, ರಟ್ಟು ಕಿತ್ತುಹೋದ ಹಾಡಿನ ಪುಸ್ತಕ, ಅಪ್ಪನ ಕನ್ನಡಕದ ಡಬ್ಬಿ, ರೇಶನ್ ಕಾರ್ಡು, ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟ ಬಜೆ. ಚೀಟಿ ಇರಲಿಲ್ಲ. ಇರುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹುಡುಕುತ್ತಿದ್ದಳು, ಹುಡುಕುತ್ತಿರುವಷ್ಟು ಹೊತ್ತು ಯಾರೂ ಏನೂ ಕೇಳಲಾರರು ಎಂಬ ಆಸೆ.

ಕೇಳದೆ ಬಿಡುವ ಜನವೇ ಗುಳೇದಗುಡ್ಡದವರು? ಬಾಬಣ್ಣ ಬಂದು ಬಾಗಿಲಲ್ಲಿ ನಿಂತ. ಊರಿನ ಕ್ರೈಸ್ತ ಸಭೆಯ ಹಿರಿಯ, ಸಭೆಯಲ್ಲಿ ಯಾರು ತೀರಿಕೊಂಡರೂ ಶಿಲುಬೆ ಮಾಡಿ ಹೆಸರು ಬರೆಯುವವನು ಅವನೇ. ಕೈಯಲ್ಲಿ ಕರಿ ಬಣ್ಣ ಅದ್ದಿದ ಬ್ರಶ್ಶು ಹಾಗೆಯೇ ಇತ್ತು.

"ಸಿಕ್ತೇನವಾ ಚೀಟಿ?"

"ಹುಡುಕಾಕತ್ತೀನ್ರಿ ಮಾಮಾ. ಇಲ್ಲೇ ಎಲ್ಲ್ಯರೆ ಇರ್ತೈತಿ."

"ಲಗೂನ ನೋಡು. ನಾಕಕ್ಕ ಎತ್ತಬೇಕು ಅಂದಾರ ಪಾಸ್ಟರು. ಬಣ್ಣ ಆರಾಕರೆ ತಾಸೊಪ್ಪತ್ತು ಬೇಕಲ್ಲ."

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಅವ್ವ ಮಲಗಿದ್ದಳು. ನಿನ್ನೆ ಸಂಜೆ ನೇಕಾರ ಕಾಶಪ್ಪನ ಮನೆಯಲ್ಲಿ ಕೆಲಸ ಮಾಡುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿ ಜೀವ ಬಿಟ್ಟವಳನ್ನು ಕೈಗಾಡಿಯ ಮೇಲೆ ತಂದು ಇಳಿಸಿದ್ದರು. ಅರವತ್ತಾರು ವರ್ಷದ ನೀಲಾಬಾಯಿ ನೇಕಾರರ ಮನೆಮನೆಗೆ ಹೋಗಿ ಹಾಸು ಕೆಚ್ಚುವಾಕೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ರವಿಕೆಯ ಖಣದ ಹಾಸೆಂದರೆ ಎರಡು ಸಾವಿರದ ಚಿಲ್ಲರೆ ಎಳೆ. ಗಂಟು ಹಾಕುವಂತಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲಿನಲ್ಲಿ ಸಿಕ್ಕು ಹರಿಯುತ್ತದೆ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಹೊಸೆಯುವುದಷ್ಟೇ. ಹೊಸೆದದ್ದು ಬಿಚ್ಚಬಾರದು. ಹುಡುಗಾಟದ ಕೆಲಸವಲ್ಲ ಅದು.

ಈ ಸಭೆಗೆ ಒಂದು ರೂಢಿಯಿದೆ, ಪರದೇಶದ ಪಾದ್ರಿಗಳಿದ್ದ ಕಾಲದಿಂದ ಬಂದದ್ದು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ದೃಢೀಕರಣವಾಗಿ ಸಭೆಯ ಪೂರ್ಣ ಸದಸ್ಯರಾಗುವಾಗ ಒಬ್ಬೊಬ್ಬರಿಗೂ ಬೈಬಲ್ಲಿನ ಒಂದೊಂದು ವಚನ ಆರಿಸಿ ರಟ್ಟಿನ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಅಲ್ಲಿಂದ ಮುಂದೆ ಅದು ಅವರ ವಚನ. ಸತ್ತ ದಿನ, ಮಣ್ಣಿಗಿಡುವ ಮೊದಲು, ಹಿರಿಯ ಮಗನೋ ಮಗಳೋ ಅದನ್ನು ಬಾಯಿಬಿಟ್ಟು ಹೇಳಬೇಕು. ಶಿಲುಬೆಯ ಅಡ್ಡಪಟ್ಟಿಯ ಮೇಲೆ ಅದರ ಅಂಕಿ ಬರೆಯಬೇಕು. ಸಭೆಯ ಹಳೆಯ ದಫ್ತರವನ್ನು ಗೆದ್ದಲು ತಿಂದು ಇಪ್ಪತ್ತು ವರ್ಷವಾಗಿತ್ತು. ನೀಲಾಬಾಯಿಯ ಓರಗೆಯವರು ಯಾರೂ ಉಳಿದಿರಲಿಲ್ಲ. ಅವಳದು ಬೈಬಲ್ಲಿನ ಕೀರ್ತನೆಗಳ ಭಾಗದ ವಚನ ಎಂಬಷ್ಟು ಮಾತ್ರ ಬಾಬಣ್ಣನ ನೆನಪು. ಹಾಗಾಗಿ ಅಂಗಳದಲ್ಲಿ ಗೋಡೆಗೆ ಆನಿಸಿಟ್ಟ ಶಿಲುಬೆಯ ಮೇಲೆ 'ನೀಲಾಬಾಯಿ, 1938–2004, ಕೀರ್ತನೆ' ಎಂದು ಬರೆದು, ಮುಂದೆ ಗೇಣುದ್ದ ಖಾಲಿ ಬಿಟ್ಟಿದ್ದ.

ಬೆಳಿಗ್ಗೆ ಪಾಸ್ಟರು ಒಳ್ಳೆಯ ಮಾತಿನಲ್ಲೇ ಕೇಳಿದ್ದರು. ತೆಂಕಣದ ಕಡೆಯವರು, ಬಂದು ಆರು ತಿಂಗಳಾಗಿತ್ತು. "ತಾಯಿಯವರ ವಚನ ಗೊತ್ತಿದೆಯಲ್ಲವೇ? ಗೊತ್ತಿಲ್ಲದಿದ್ದರೂ ತಪ್ಪೇನಿಲ್ಲಮ್ಮ, ಇಪ್ಪತ್ತಮೂರನೆಯ ಕೀರ್ತನೆ ಓದೋಣ."

ಪಡಸಾಲೆ ತುಂಬ ಹೆಂಗಸರು. ಅವರ ನಡುವೆ ಅವ್ವನ ಅಕ್ಕ ಶೇಖವ್ವ, ಕಿವಿ ನಿಮಿರಿಸಿಕೊಂಡು. ಹೆತ್ತ ತಾಯಿಯ ವಚನ ಮಗಳಿಗೆ ಗೊತ್ತಿಲ್ಲವಂತೆ ಎಂಬ ಮಾತು ಸಂಜೆಯೊಳಗೆ ಬಾದಾಮಿ ಮುಟ್ಟುತ್ತದೆ. ಶೈಲಾಳ ನಾಲಿಗೆ ತಾನೇ ಮುಂದಾಯಿತು. "ಗೊತ್ತೈತ್ರಿ. ಚೀಟಿ ಟ್ರಂಕಿನ್ಯಾಗ ಐತ್ರಿ."

ಏಳು ವರ್ಷದ ಹಿಂದೆ ಅವ್ವನಿಗೂ ಇದೇ ಮಾತು ಹೇಳಿದ್ದಳು.

*

1997ರ ಬೇಸಿಗೆ. ಮನೆಯ ಮಗ್ಗ ಮಾರಿ ಬಂದ ದುಡ್ಡಿನಲ್ಲಿ ಶೈಲಾಳಿಗೆ ಎರಡು ಹಳೆಯ ಟೈಪ್‌ರೈಟರ್ ಕೊಳ್ಳುವುದೆಂದು ನಿಶ್ಚಯವಾಗಿತ್ತು. ಬಾಗಲಕೋಟೆಯ ಹಳೇ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಟೈಪಿಂಗ್ ಕ್ಲಾಸು ತೆರೆಯುವ ಹುಮ್ಮಸ್ಸು ಅವಳದು. ವಯಸ್ಸು ಮೂವತ್ತೊಂದು, ಲಗ್ನದ ಮಾತು ತಾನಾಗಿಯೇ ತಣ್ಣಗಾಗಿತ್ತು. "ಮಗ್ಗ ಒಬ್ಬಾಕಿಗೆ ಹೊಟ್ಟಿಗೆ ಹಾಕತಿತ್ತು, ಟೈಪಿನ ಮಿಶನ್ನು ಇಬ್ಬರಿಗೂ ಹಾಕಲಿ" ಎಂದು ಅವ್ವ ಒಪ್ಪಿದ್ದಳು.

ಕಾಶಪ್ಪ ಗಾಡಿ ತಂದು ಮಗ್ಗ ಬಿಚ್ಚತೊಡಗಿದ. ಅದರ ಎಡಗಂಬಕ್ಕೆ ಅವ್ವನ ಚೀಟಿ ಎರಡು ಮೊಳೆಯಲ್ಲಿ ಕೂತಿತ್ತು. ಅವ್ವ ಒಳಗಿನಿಂದ ಕೂಗಿದಳು. "ಶೈಲಾ, ಆ ಚೀಟಿ ಬಿಚ್ಚಿಕೋವಾ."

"ಹೂಂ, ಬಿಚ್ಚತೇನಿ."

ಶೈಲಾ ಮಿಶನ್ನು ಮಾರುವವನೊಡನೆ ರಿಬ್ಬನ್ನಿನ ಮಾತಾಡುತ್ತಿದ್ದಳು. ಮಾತು ಮುಗಿಸಿ ತಿರುಗಿದಾಗ ಗಾಡಿ ಓಣಿ ದಾಟಿತ್ತು. ಓಡಿದ್ದರೆ ಸಿಗುತ್ತಿತ್ತು. ಆಮೇಲೆ ತಂದರಾಯಿತು ಎಂದುಕೊಂಡಳು. ಸಂಜೆ ಮಗ್ಗದ ಖಾಲಿ ಗುಂಡಿಯ ಅಂಚಿಗೆ ಕೂತು ಅವ್ವ ಕೇಳಿದಳು, "ಚೀಟಿ ಎಲ್ಲಿಟ್ಟಿ?"

"ಟ್ರಂಕಿನ್ಯಾಗ."

ಅವ್ವ ಮತ್ತೆ ಕೇಳಲಿಲ್ಲ. ಮುಂದೆ ಹಳೇ ಪೇಟೆಯ ಆ ಓಣಿಗೆ ಅಣೆಕಟ್ಟಿನ ಹಿನ್ನೀರು ಬಂತು. ಮುಳುಗಡೆಯವರಿಗೆ ಕಟ್ಟಿದ ನವನಗರದಲ್ಲಿ ಎಲ್ಲರೂ ಕಂಪ್ಯೂಟರಿನ ಹಿಂದೆ ಬಿದ್ದರು. ಶೈಲಾ ಎರಡೂ ಮಿಶನ್ನು ಹೊತ್ತು ಮನೆಗೆ ಬಂದಳು. ಬಂದು ಎರಡು ವರ್ಷ. ಮಿಶನ್ನಿನ ಮೇಲೆ ಹೊದಿಸಿದ ಬಟ್ಟೆಯನ್ನು ಒಮ್ಮೆಯೂ ತೆಗೆದಿರಲಿಲ್ಲ. ನಾಚಿಕೆಗೆ ಯಾರ ಹೊಸ್ತಿಲನ್ನೂ ತುಳಿದಿರಲಿಲ್ಲ. ಅವ್ವ ಮುಂಜಾನೆ ಎದ್ದು ಕೆಚ್ಚಲು ಹೋಗುವಳು, ಮಗಳು ಗೋಡೆ ನೋಡುತ್ತ ಕೂಡುವಳು. ಹೀಗೆಯೇ ನಡೆದಿತ್ತು.

*

ಗಡಿಯಾರ ಹನ್ನೆರಡೂವರೆ ತೋರಿಸಿತು. ಶೈಲಾ ಸೆರಗು ಬಿಗಿದು ಎದ್ದಳು. ಚೀಟಿ ಇರುವುದಾದರೆ ಒಂದೇ ಕಡೆ.

"ಹೆಣಾ ಮುಂದಿಟ್ಕೊಂಡು ಎಲ್ಲಿಗೆ ಹೊಂಟಿ?" ಶೇಖವ್ವ ಹಾಡು ನಿಲ್ಲಿಸಿ ಕೇಳಿದಳು.

"ಇಲ್ಲೇ ದೊಡ್ಡವ್ವ, ಬಂದೆ."

"ಮಗಳಾದಾಕಿ ಬಾಜೂಕ ಕುಂದ್ರಬೇಕವಾ. ತಿರಗಾಡೋ ಹೊತ್ತಲ್ಲ ಇದು."

ಶೈಲಾ ಚಪ್ಪಲಿ ಮೆಟ್ಟಲೂ ನಿಲ್ಲಲಿಲ್ಲ. ಬಿಸಿಲಿಗೆ ಓಣಿಯ ಕಲ್ಲು ಕಾದಿದ್ದವು. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಆ ಚೀಟಿಯನ್ನು ಒಲೆಗೆ ಹಾಕಿರಬಹುದು, ಕಂಬವನ್ನೇ ಬದಲಿಸಿರಬಹುದು, ಮಗ್ಗ ಇನ್ನೊಬ್ಬರಿಗೆ ಮಾರಿರಬಹುದು. ಆಗ ತಿರುಗಿ ಹೋಗಿ ಆ ಹೆಂಗಸರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಕಾಶಪ್ಪನ ಮನೆಯ ಮಗ್ಗ ಮಾತ್ರ ಸುಮ್ಮನಿತ್ತು. ಅವನು ಕಟ್ಟೆಯ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದ. ಅವಳನ್ನು ಕಂಡದ್ದೇ ಧಡಕ್ಕನೆ ಎದ್ದ.

"ಶೈಲವ್ವ? ನೀ ಯಾಕ ಬಂದಿ? ನಾವ ಹೊಂಟಿದ್ವಲ್ಲವಾ."

"ಕಾಕಾ, ನಮ್ಮ ಮಗ್ಗದ ಕಂಬಕ್ಕ ಒಂದ ಚೀಟಿ ಇತ್ತು."

"ಐತಿ, ಐತಿ. ಎಲ್ಲಿ ಹೋಕ್ಕೈತಿ?"

ಶೈಲಾಳಿಗೆ ಹೋದ ಜೀವ ಬಂದಂತಾಯಿತು. ಕತ್ತಲೆಯ ನಡುಮನೆಗೆ ನುಗ್ಗಿ, ಎಡಗಂಬದ ಮುಂದೆ ಮಂಡಿಯೂರಿದಳು. ಚೀಟಿ ಇತ್ತು. ಅದೇ ಎರಡು ಮೊಳೆ. ಆದರೆ ಅದರ ಮೇಲೆ ಅರಿಶಿನ, ಅರಿಶಿನದ ಮೇಲೆ ಕುಂಕುಮ, ಕುಂಕುಮದ ಮೇಲೆ ವಿಭೂತಿ. ಏಳು ವರ್ಷದ ಅಮಾವಾಸ್ಯೆಗಳು ಒಂದರ ಮೇಲೊಂದು ಕೂತು ರೊಟ್ಟಿಯಷ್ಟು ದಪ್ಪವಾಗಿದ್ದವು. ಉಗುರಿನಿಂದ ಕೆರೆದಳು. ಕುಂಕುಮದ ಕೂಡ ರಟ್ಟಿನ ಪುಡಿಯೇ ಉದುರಿತು. ಒಂದಕ್ಷರವೂ ಉಳಿದಿರಲಿಲ್ಲ.

"ಏನ ಮಾಡೀರಿ ಇದನ್ನ!" ಅವಳ ದನಿ ಕೀರಲಾಯಿತು.

ಒಳಗಿನಿಂದ ಕಾಶಪ್ಪನ ಹೆಂಡತಿ ರಾಮವ್ವ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. "ಅಮಾಸಿಗೆ ಮಗ್ಗದ ಪೂಜಾ ಮಾಡೋ ಮುಂದ ಎಲ್ಲಾದಕ್ಕೂ ಹಚ್ಚತೇವಲ್ಲವಾ. ದೇವರ ಚೀಟಿ ಅಂತ ಗೊತ್ತಿತ್ತು. ಲಾಳಿಗೆ ಹಚ್ಚಿ, ಹಣಿಗಿಗೆ ಹಚ್ಚಿ, ದೇವರಿಗಷ್ಟ ಹಚ್ಚದ ಬಿಟ್ರ ಅಂವ ಸಿಟ್ಟಾಗೂದಿಲ್ಲೇನು?"

ಶೈಲಾ ನೆಲಕ್ಕೆ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯದೆ ಅತ್ತಳು. ನಿನ್ನೆಯಿಂದ ಬಾರದ ಅಳು ಈಗ ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ನಾಲ್ಕು ಗಂಟೆ, ಶಿಲುಬೆಯ ಮೇಲಿನ ಖಾಲಿ ಜಾಗ, ಅವ್ವನಿಗೆ ಹೇಳಿದ ಸುಳ್ಳು, ಬೆಳಿಗ್ಗೆ ಪಾಸ್ಟರಿಗೆ ಹೇಳಿದ ಸುಳ್ಳು.

"ನಿಮ್ಮವ್ವಗ ಎಲ್ಲಾ ಗೊತ್ತಿತ್ತು," ಎಂದಳು ರಾಮವ್ವ ಮೆಲ್ಲಗೆ. "ಮಗ್ಗ ತಂದ ತಿಂಗಳಿಗೆ ಕೆಚ್ಚಾಕ ಬಂದ್ಲು, ಚೀಟಿ ನೋಡಿದ್ಲು. ನಾ ಬಿಚ್ಚಿ ಕೊಡ್ತೇನಿ ಅಂದೆ. ಬ್ಯಾಡ ರಾಮವ್ವ, ಅದು ಕೆಲಸದ ಮಾತು, ಕೆಲಸ ಇದ್ದಲ್ಲಿ ಇರಲಿ ಅಂದ್ಲು. ಆಮ್ಯಾಲ ನಕ್ಕು ಏನಂದ್ಲು ಗೊತ್ತೇನು? ಶೈಲಾಗ ಹೇಳಬ್ಯಾಡ, ಅದು ಟ್ರಂಕಿನ್ಯಾಗ ಐತಿ ಅಂತ ತಿಳಕೊಂಡಾಳ, ಪಾಪ."

ಏಳು ವರ್ಷ! ಅವ್ವ ಒಂದು ದಿನವೂ ಒಂದು ಮಾತಿನಿಂದಲೂ ಚುಚ್ಚಿರಲಿಲ್ಲ.

"ಆದ್ರ ಅದರಾಗ ಏನ ಬರದಿತ್ತು ಚಿಗವ್ವ? ನನಗ ನೆಪ್ಪಿಲ್ಲ. ಅವ್ವ ಕೆಚ್ಚೋ ಮುಂದ ತುಟಿ ಅಳ್ಳಾಡಸ್ತಿದ್ಲು. ಏನಂತಿ ಅಂತ ನಾ ಒಮ್ಮೀನೂ ಕೇಳಲಿಲ್ಲ."

"ನಾ ಕೇಳ್ದೆ," ಎಂದಳು ರಾಮವ್ವ. "ಏನ ಗುಣಗುಣ ಅಂತೀಯವಾ, ನಮಗೂ ಹೇಳು ಅಂದೆ. ಅವತ್ತಿಂದ ಬಾಯಿಬಿಟ್ಟ ಹೇಳತಿದ್ಲು. ಒಂದೊಂದ ಎಳಿಗೂ. ಈಗ ನಾ ಲಾಳಿ ಒಗಿಯೋಕಿಂತ ಮೊದಲ ಅದನ್ನ ಅಂತೇನಿ." ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಎಳೆ ಹೊಸೆಯುತ್ತ ಹೇಳಿದಳು. "ದೇವರ ಕರುಣಾ ನಮ್ಮ ಮ್ಯಾಲಿರಲಿ. ನಮ್ಮ ಕೈಗೆಲಸಾ ಗಟ್ಟಿ ಮಾಡು. ಹೌದು, ನಮ್ಮ ಕೈಗೆಲಸಾ ಗಟ್ಟಿ ಮಾಡು."

"ಎರಡ ಸಲ?"

"ಎರಡ ಸಲ. ಒಮ್ಮೆ ಹಳೀ ಎಳಿಗೆ, ಒಮ್ಮೆ ಹೊಸಾ ಎಳಿಗೆ ಅಂತಿದ್ಲು."

ಆಗ ಶೈಲಾ ಮಗ್ಗದ ಹಿಂಬದಿಗೆ ನೋಡಿದಳು. ಹಾಸು ಅರ್ಧಕ್ಕೆ ನಿಂತಿತ್ತು. ಎಡಗಡೆಯ ಎಳೆಗಳೆಲ್ಲ ಕೂಡಿ ಬಿಗಿಯಾಗಿದ್ದವು, ಬಲಗಡೆಯವು ಕೂಡದೆ ಜೋತುಬಿದ್ದಿದ್ದವು. ನಡುವೆ ಬೂದಿಯ ಬಟ್ಟಲು ನಿನ್ನೆ ಇಟ್ಟಲ್ಲೇ ಇತ್ತು. ಕಾಶಪ್ಪ ಬಾಗಿಲಿಂದ ಗಂಟಲು ಸರಿಮಾಡಿಕೊಂಡ. "ಮಂದಿ ಕತ್ತರಿಸಿ ಒಗಿ ಅಂತಾರವಾ. ಸತ್ತಾಕಿ ಕೈಯಾಗ ಅರ್ಧಾ ಉಳದದ್ದು ಮನ್ಯಾಗಿರಬಾರದಂತ. ಬ್ಯಾರೇ ಕೈ ಹಾಕಿದ್ರ ಹೊಸೆತ ಒಂದಾಗೂದಿಲ್ಲ, ಬಟ್ಟಿ ಡೊಂಕ ಬರ್ತೈತಿ. ಒಂದ ಕೈ ಆಗಬೇಕು, ಇಲ್ಲಾ ಅದೇ ಕೈ ಕಲಿಸಿದ್ದಿರಬೇಕು..."

"ಇವತ್ತ ಆ ಮಾತ್ಯಾಕರಿ?" ರಾಮವ್ವ ಗದರಿಸಿದಳು. "ಬಾಯಿ ಮುಚ್ಚರಿ."

ಶೈಲಾ ಜೋತುಬಿದ್ದ ಒಂದು ಎಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ಎದ್ದಳು.

*

ಶೈಲಾ ಹತ್ತು ವರ್ಷದವಳಿದ್ದಾಗ ಅವ್ವ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೆಚ್ಚಲು ಕಲಿಸಿದ್ದಳು. ಹೊಸೆದದ್ದು ಬಿಚ್ಚಿ ಬಿಚ್ಚಿ ಹೋಗುತ್ತಿತ್ತು. ಸಿಟ್ಟಿಗೆ ಎಳೆಗಳನ್ನೆಲ್ಲ ಕೊಡವಿ ಎದ್ದಾಗ ಅವ್ವ ಬೈಯಲಿಲ್ಲ. ಅವಳ ಬೆರಳನ್ನು ಬೂದಿಯಲ್ಲಿ ಅದ್ದಿ, ತನ್ನ ಬೆರಳ ನಡುವೆ ಹಿಡಿದು ಹೊಸೆದಳು. "ಒತ್ತಬ್ಯಾಡ, ಹೊರಳಿಸು. ಎಳಿಗೆ ಗೊತ್ತೈತಿ ಹೆಂಗ ಕೂಡಬೇಕಂತ." ಶಾಲೆ ಬಿಡುವವರೆಗೂ ಶೈಲಾ ರಜೆಯ ದಿನ ಕೆಚ್ಚುತ್ತಿದ್ದಳು. ಆಮೇಲೆ ಬೆರಳಿಗೆ ಟೈಪಿನ ಹುಚ್ಚು ಹಿಡಿಯಿತು. ಬೂದಿ ಉಗುರಿನಲ್ಲಿ ಕೂಡುತ್ತದೆ, ಕ್ಲಾಸಿನಲ್ಲಿ ನಗುತ್ತಾರೆ ಎಂದು ಬಿಟ್ಟಳು.

*

ಮನೆಗೆ ಬಂದಾಗ ಎರಡು ದಾಟಿತ್ತು. ಪಾಸ್ಟರು ಅಂಗಳದಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಬ್ರಶ್ಶು ಹಿಡಿದ ಬಾಬಣ್ಣ, ಬಾಗಿಲಲ್ಲಿ ಶೇಖವ್ವ.

"ಚೀಟಿ ಸಿಕ್ಕಿತೇನಮ್ಮ?"

ಹೌದೆಂದರೆ ಮುಗಿಯುತ್ತಿತ್ತು. "ಇಲ್ರಿ. ಚೀಟಿ ಕಳದಾಕಿ ನಾನ. ಮುಂಜಾನಿ ಸುಳ್ಳ ಹೇಳಿದ್ನಿ. ಆದ್ರ ಮಾತ ಸಿಕ್ತು, ರಾಮವ್ವನ ಬಾಯಾಗ."

"ಯಾರ ಬಾಯಾಗ?" ಶೇಖವ್ವ ಮೂಗಿನ ಮೇಲೆ ಬೆರಳಿಟ್ಟಳು. "ನೇಕಾರ ಕಾಶಪ್ಪನ ಹೇಣ್ತಿ ಬಾಯಾಗ ನಮ್ಮ ದೇವರ ವಚನ?"

ಶೈಲಾ ಆ ಮಾತನ್ನು ಹಾಗೆಯೇ ಹೇಳಿದಳು. ಹೇಳುವಾಗ ತನಗೇ ಸಂಶಯ ಬಂತು. ಇದು ಬೈಬಲ್ಲಿನದೋ, ರಾಮವ್ವನ ಮನಸ್ಸು ಕಟ್ಟಿದ್ದೋ, ಯಾವುದೋ ಬೀಸುಕಲ್ಲಿನ ಪದವೋ? ಪಾಸ್ಟರು ಕಣ್ಣು ಮುಚ್ಚಿದರು. ಆಮೇಲೆ ಪುಸ್ತಕ ತೆರೆದು ಹಾಳೆ ತಿರುವತೊಡಗಿದರು. ಒಂದು ಕಡೆ ನಿಂತರು, ತಲೆಯಾಡಿಸಿ ಮುಂದೆ ಹೋದರು. ಮತ್ತೆ ಹಿಂದಕ್ಕೆ ಬಂದರು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಇಲ್ಲವೆಂದರೆ ಇನ್ನು ಕೇಳಲು ಯಾರೂ ಇರಲಿಲ್ಲ.

ಬೆರಳು ಹಾಳೆಯ ತಳದಲ್ಲಿ ನಿಂತಿತು.

"ತೊಂಬತ್ತನೆಯ ಕೀರ್ತನೆ," ಎಂದರು. "ಕಡೆಯ ವಚನ, ಹದಿನೇಳು. ಎರಡು ಸಲವೇ ಇದೆ ನೋಡಿ." ಹಾಳೆಯ ಮೇಲೆ ಕೈಯಿಟ್ಟು ಹೇಳಿದರು, "ನಮ್ಮ ದಿನಗಳು ಹುಲ್ಲಿನ ಹಾಗೆ ಬಾಡಿ ಹೋಗುತ್ತವೆ ಎಂದು ಅಳುವ ಕೀರ್ತನೆ ಇದು. ಅತ್ತು ಮುಗಿದ ಮೇಲೆ ಕಡೆಗೆ ಬೇಡುವುದು ಇದೊಂದನ್ನೇ."

ಬಾಬಣ್ಣ ಕೂತು ಖಾಲಿ ಜಾಗದಲ್ಲಿ 90:17 ಎಂದು ಬರೆದ. ಬಣ್ಣ ಆರಲೆಂದು ತನ್ನ ಟವೆಲ್ಲಿನಿಂದ ಗಾಳಿ ಹಾಕಿದ. ಶೇಖವ್ವ ಏನೋ ಹೇಳಲು ಬಾಯಿ ತೆರೆದವಳು, ಸೆರಗು ಬಾಯಿಗಿಟ್ಟು ಅಳತೊಡಗಿದಳು.

ಗುಡ್ಡದ ಬುಡದ ಸಮಾಧಿಗಳ ನಡುವೆ ಪೆಟ್ಟಿಗೆ ಇಳಿಸಿದಾಗ ಬಿಸಿಲು ಇಳಿಮುಖವಾಗಿತ್ತು. ಪಾಸ್ಟರು ಶೈಲಾಳತ್ತ ನೋಡಿದರು. ಅವಳು ಮುಂದೆ ಬಂದಳು. "ದೇವರ ಕರುಣಾ ನಮ್ಮ ಮ್ಯಾಲಿರಲಿ" ಎಂದಳು. ಮುಂದಿನ ಮಾತು ಬರಲಿಲ್ಲ. ದಾರಿಯುದ್ದಕ್ಕೂ ನೂರು ಸಲ ಅಂದುಕೊಂಡಿದ್ದ ಮಾತು ಪೂರ್ತಿ ಅಳಿಸಿಹೋಗಿತ್ತು. ಜನ ಕಾದರು. ಯಾರೋ ಕೆಮ್ಮಿದರು. ಶೈಲಾ ತಲೆಯೆತ್ತಿದಳು.

ಮೋಟುಗೋಡೆಯ ಆಚೆ, ಅವ್ವ ಕೆಚ್ಚಿಕೊಟ್ಟ ಮನೆಗಳ ಹೆಂಗಸರು ಗುಂಪಾಗಿ ನಿಂತಿದ್ದರು. ಅವರ ಮುಂದೆ ರಾಮವ್ವ. ಅವಳು ಬಾಯಿ ತೆರೆಯಲಿಲ್ಲ. ಕೈಯೆತ್ತಿ ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆದಳು.

ಶೈಲಾಳ ಬೆರಳು ತಾವಾಗಿಯೇ ಹೊರಳಿದವು. "ನಮ್ಮ ಕೈಗೆಲಸಾ ಗಟ್ಟಿ ಮಾಡು" ಎಂದಳು. ಇನ್ನೊಮ್ಮೆ ಹೊರಳಿದವು. "ಹೌದು, ನಮ್ಮ ಕೈಗೆಲಸಾ ಗಟ್ಟಿ ಮಾಡು." ದನಿ ಗೋಡೆಯಾಚೆಗೂ ಕೇಳಿಸಿತು. ಬಗ್ಗಿ ಮೂರು ಹಿಡಿ ಕೆಂಪು ಮಣ್ಣು ಹಾಕಿದಳು.

ಎಲ್ಲರೂ ಮನೆಯ ದಾರಿ ಹಿಡಿದರು. ಶೈಲಾ ಕವಲಿನಲ್ಲಿ ಇನ್ನೊಂದು ಓಣಿಗೆ ತಿರುಗಿದಳು.

"ಈಗೆಲ್ಲಿಗೆ?" ಎಂದಳು ಶೇಖವ್ವ.

"ಅವ್ವನ ಕೆಲಸ ಅರ್ಧಾ ಉಳದೈತಿ ದೊಡ್ಡವ್ವ."

ಮಣ್ಣು ಮಾಡಿ ಬಂದವಳನ್ನು ಒಳಗೆ ಕರೆಯಬಹುದೇ ಎಂದು ಕಾಶಪ್ಪ ಹೊಸ್ತಿಲಲ್ಲಿ ತಡವರಿಸಿದ. ರಾಮವ್ವ ಅವನನ್ನು ಸರಿಸಿ ಒಂದು ಕೊಡ ನೀರು ತಂದು ಶೈಲಾಳ ಕಾಲಿಗೆ ಸುರಿದಳು. "ಬಾ" ಎಂದಳು. ಅಷ್ಟೇ.

ಶೈಲಾ ಹಾಸಿನ ಹಿಂದೆ ಕೂತಳು. ಎಡದಿಂದ ಬೆರಳಾಡಿಸುತ್ತ ಬಂದು ಅವ್ವ ಕಡೆಗೆ ಹೊಸೆದ ಎಳೆಯನ್ನು ಹುಡುಕಿದಳು. ಸಿಕ್ಕಿತು, ಎಳೆದು ನೋಡಿದಳು, ಬಿಚ್ಚಿಕೊಳ್ಳಲಿಲ್ಲ. ಅದರ ಪಕ್ಕದ ಹಳೆಯ ಎಳೆಯನ್ನು ಎಡಗೈಗೆ, ಹೊಸ ಎಳೆಯನ್ನು ಬಲಗೈಗೆ ತೆಗೆದುಕೊಂಡಳು. ರಾಮವ್ವ ಬೂದಿಯ ಬಟ್ಟಲನ್ನು ಹತ್ತಿರಕ್ಕೆ ಸರಿಸಿದಳು.

ಶೈಲಾ ಬೆರಳ ತುದಿ ನೋಡಿಕೊಂಡಳು. ಅವ್ವನ ಮೇಲೆ ಹಾಕಿದ ಮಣ್ಣು ಇನ್ನೂ ಅಂಟಿತ್ತು. ಬಟ್ಟಲಿಗೆ ಕೈ ಹಾಕದೆ, ಆ ಮಣ್ಣಿನ ಬೆರಳಲ್ಲೇ ಎರಡೂ ಎಳೆ ಹಿಡಿದು, ತುಟಿ ಅಲ್ಲಾಡಿಸುತ್ತ, ಒತ್ತದೆ ಹೊರಳಿಸಿದಳು.